ಟ್ಯಾಂಕಿಗಿಲ್ಲದ ಸೇತುವೆ ಊಟಕ್ಕೆಲ್ಲಿಂದ ಬಂತು?

ದೇಶದ ರಕ್ಷಣೆಯ ಹೊಣೆ ಹೊತ್ತ ಮಾನ್ಯ ಮಂತ್ರಿಗಳೇ,

ಹೋದ ತಿಂಗಳ ಯುದ್ಧಾಭ್ಯಾಸದ ದಿನ ತಾವು ಮಧ್ಯಾಹ್ನದ ಊಟವಿಲ್ಲದೆ ಸಂಜೆಯವರೆಗೆ ಕುಳಿತಿರಿ. ಅದಕ್ಕೆ ಕಾರಣಳಾದ ಸರಬರಾಜು ಅಧಿಕಾರಿ ನನ್ನ ಸೊಸೆ. ತಾವು ಕುಳಿತಿದ್ದ ಕುರ್ಚಿ ನನ್ನದು. ತಮ್ಮ ಹಸಿವಿಗೂ ತಮ್ಮ ಆಸನಕ್ಕೂ ಒಂದೇ ಮನೆಯವರು ಹೊಣೆಯಾಗಿರುವುದರಿಂದ ತಮಗೆ ಪತ್ರ ಬರೆಯುವ ಸಲಿಗೆ ನನಗಿದೆ ಎಂದುಕೊಂಡಿದ್ದೇನೆ.

ದೂರು ಇಷ್ಟು. ಬರುವ ಸೋಮವಾರ ತಮ್ಮ ವಿಚಾರಣಾ ಸಮಿತಿಯ ಮುಂದೆ ನನ್ನ ಸೊಸೆ ಒಂದು ಹೇಳಿಕೆಗೆ ಸಹಿ ಹಾಕಬೇಕಂತೆ. ‘ಸೇತುವೆ ಸುಸ್ಥಿತಿಯಲ್ಲಿತ್ತು, ನಾನೇ ತಪ್ಪಾಗಿ ಗ್ರಹಿಸಿ ಊಟದ ಲಾರಿಗಳನ್ನು ತಡೆದೆ’ ಎಂಬುದು ಆ ಹೇಳಿಕೆ. ಹಾಕದಿದ್ದರೆ ಅವಳನ್ನು ಸರಬರಾಜು ವಿಭಾಗದಿಂದ ಎತ್ತಿ, ಸೇನೆಯ ವಾದ್ಯವೃಂದದ ಸಮವಸ್ತ್ರಗಳನ್ನಿಡುವ ಉಗ್ರಾಣಕ್ಕೆ ಹಾಕುತ್ತಾರಂತೆ. ಅಲ್ಲಿ ತುತ್ತೂರಿಯವರ ಕೋಟಿನ ಗುಂಡಿ ಎಣಿಸಿಕೊಂಡು ನಿವೃತ್ತಿಯಾಗಬಹುದು. ಅವಳು ಸಹಿ ಹಾಕುವುದಿಲ್ಲ ಎನ್ನುತ್ತಿದ್ದಾಳೆ. ಅವಳು ಬೇಡ ಎಂದರೆ ಬೇಡ. ಈ ವಿಷಯದಲ್ಲಿ ತಮ್ಮ ಸಮಿತಿಗಿಂತ ನನ್ನ ಅನುಭವ ದೊಡ್ಡದು. ನಮ್ಮ ಮನೆಯಲ್ಲಿ ಅವಳು ನೆಲ ಒರೆಸಿದರೆ ಅದು ಆರುವವರೆಗೆ ಅಡುಗೆಮನೆಗೆ ಯಾರೂ ಕಾಲಿಡುವಂತಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುವುದನ್ನು ನಾನು, ನನ್ನ ಹೆಂಡತಿ, ನನ್ನ ಮಗ ಮೂವರೂ ಹೊಸ್ತಿಲಲ್ಲಿ ಸಾಲಾಗಿ ನಿಂತು ನೋಡಿದ್ದೇವೆ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ಗಾದೆ ಮಾಡಿದವರು ಮಾವನಿಗೆ ಯಾವ ಕಾಲವನ್ನೂ ಇಟ್ಟಿಲ್ಲ.

ನಾನು ಯಾರೆಂದು ತಮಗೆ ತಿಳಿದಿರಲಾರದು. ಕುಳಿತವರು ಕುರ್ಚಿಯವನ ಮುಖ ನೋಡುವ ವಾಡಿಕೆಯಿಲ್ಲ. ಎರಡು ಮರದ ಬೆಂಚುಗಳನ್ನು ತಲೆಯ ಮೇಲೆ ಹೊತ್ತು ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುತ್ತಿದ್ದವನು, ಈಗ ಈ ಪಟ್ಟಣದ ಯಾವ ಸಭೆಗೂ ಡೇರೆ, ಕುರ್ಚಿ, ಮೈಕು ನನ್ನವೇ. ಓದಿದ್ದು ಕಡಿಮೆ, ಕೂರಿಸಿದ್ದು ಹೆಚ್ಚು. ಸಭೆ ಮುಗಿಯುವವರೆಗೆ ಹಿಂದಿನ ಸಾಲಿನಲ್ಲಿ ಕಾಯಲೇಬೇಕಾದ ಕಸುಬು ಇದು. ಹೀಗಾಗಿ ಹೃದ್ರೋಗದ ಮೇಲೆ, ಜೇನುಸಾಕಣೆಯ ಮೇಲೆ, ಪರಲೋಕದ ಮೇಲೆ ನಾನು ಕೇಳಿರುವಷ್ಟು ಉಪನ್ಯಾಸಗಳನ್ನು ಕೇಳಿ ಇನ್ನೂ ಬದುಕಿರುವವರು ವಿರಳ. ಇಂಥ ಬಾಳಿನಲ್ಲಿ ಒಂದು ಕಣ್ಣು ಬೆಳೆಯುತ್ತದೆ. ಭಾಷಣ ಎಷ್ಟು ದೊಡ್ಡದೆಂಬುದನ್ನು ನಾನು ಚಪ್ಪಾಳೆಯಿಂದ ಅಳೆಯುವುದಿಲ್ಲ. ಚಹಾ ವಿರಾಮದ ಮೇಲೆ ಎಷ್ಟು ಕುರ್ಚಿ ಖಾಲಿ ಉಳಿದವು, ಯಾವ ಸಾಲಿನಲ್ಲಿ ಉಳಿದವು ಎಂಬುದರಿಂದ ಅಳೆಯುತ್ತೇನೆ. ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಭ್ಯಾಸಕ್ಕೆ ಮೊದಲು ತಮ್ಮ ಇಲಾಖೆಯೇ ದೊಡ್ಡ ಸಭಾಂಗಣದಲ್ಲಿ ಒಂದು ಉಪನ್ಯಾಸ ಏರ್ಪಡಿಸಿತ್ತು. ‘ಹಿಂದಿನ ಮಹಾಸೇನಾನಿಗಳಿಂದ ಇಂದಿನ ರಕ್ಷಣೆಗೆ ಪಾಠಗಳು’ ಎಂದು ಬಟ್ಟೆಯ ಮೇಲೆ ಬರೆಸಿ ಕಟ್ಟಿದ್ದರು. ಉಪನ್ಯಾಸಕರು ತೆಳ್ಳಗಿನ ಮನುಷ್ಯ, ಇತಿಹಾಸದ ಮೇಷ್ಟ್ರು. ಹೇಳಿದ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವನ್ನು ಉಚ್ಚರಿಸಲು ಹೋದರೆ ನನ್ನ ಹಲ್ಲಿನ ಸೆಟ್ಟು ಈಚೆಗೆ ಬರುತ್ತದೆ. ಕಥೆ ಮಾತ್ರ ಚೆನ್ನಾಗಿ ನೆನಪಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಸೇನಾಪತಿ ತನ್ನ ದಂಡನ್ನು ಹೊಳೆ ದಾಟಿಸಿದ. ದಾಟಿಸಿದ ಮೇಲೆ ದೋಣಿಗಳನ್ನೆಲ್ಲ ಮುಳುಗಿಸಿದ, ಅಡುಗೆಯ ಹಂಡೆಗಳನ್ನು ಒಡೆಸಿದ. ಹಿಂದೆ ಹೋಗಲು ದಾರಿಯಿಲ್ಲ. ಗೆಲ್ಲಬೇಕು, ಇಲ್ಲ ಸಾಯಬೇಕು. ದಂಡು ಹುಲಿಯ ಹಾಗೆ ಕಾದಿ ಗೆದ್ದಿತು. ಮೇಷ್ಟ್ರು ಇದನ್ನು ಹೇಳಿದಾಗ ಸಭೆಯ ಮೈ ಜುಮ್ಮೆಂದಿತು. ಮೊದಲ ಸಾಲಿನಲ್ಲಿ ತಮ್ಮ ಜೊತೆ ಕುಳಿತಿದ್ದ ಜನರಲ್ ಸಾಹೇಬರು ಮೀಸೆಯ ಮೇಲೆ ಕೈಯಾಡಿಸಿ, ಪಕ್ಕದವರಿಗೆ ಕೇಳುವ ಹಾಗೆ “ಇದಪ್ಪಾ ಗಂಡಸುತನ!” ಅಂದರು. ಅಷ್ಟರಲ್ಲಿ ಚಹಾ ಬಂತು.

ಚಹಾದ ಮೇಲೆ ಜನರಲ್ ಸಾಹೇಬರ ಕುರ್ಚಿ ಖಾಲಿ. ಆ ಸಾಲೇ ಖಾಲಿ. ಉಳಿದವರು ನಾನು, ಮೈಕಿನವನು, ನನ್ನ ಸೊಸೆ, ನಿದ್ದೆ ಹೋಗಿದ್ದ ಕೆಲವು ಅಧಿಕಾರಿಗಳು. ಮೇಷ್ಟ್ರು ಬೇಜಾರು ಮಾಡಿಕೊಳ್ಳದೆ ಕಥೆಯ ಉಳಿದರ್ಧ ಹೇಳಿದರು. ಹಂಡೆ ಒಡೆಯುವ ಮೊದಲು ಆ ಸೇನಾಪತಿ ಪ್ರತಿಯೊಬ್ಬ ಸೈನಿಕನಿಗೂ ಮೂರು ದಿನದ ಬುತ್ತಿ ಕಟ್ಟಿಸಿದ್ದನಂತೆ. ಅದಾದ ಕೆಲವು ವರ್ಷಕ್ಕೆ ಅದೇ ಸೇನಾಪತಿ ಇನ್ನೊಂದು ಯುದ್ಧದಲ್ಲಿ ಸುತ್ತುವರಿಯಲ್ಪಟ್ಟ. ಆಗ ಕಾಳು ಮುಗಿದಿತ್ತು, ಸೈನಿಕರು ಕರಗಿಹೋಗಿದ್ದರು. ಕೊನೆಗೆ ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗ ದೋಣಿ ತಂದು “ಹತ್ತಿ ಸ್ವಾಮಿ” ಅಂದರೂ ಹತ್ತಲಿಲ್ಲವಂತೆ, ಅಲ್ಲೇ ಸತ್ತನಂತೆ. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂದು ನಾವು ಹೇಳುತ್ತೇವಲ್ಲ, ಆ ಗಾದೆಯನ್ನು ಅವನು ಬಲು ದುಬಾರಿಗೆ ಕಲಿತ.

ಮಾನ್ಯರೇ, ನಮ್ಮ ದೇಶದ ರಕ್ಷಣಾನೀತಿ ಒಂದು ಉಪನ್ಯಾಸದ ಚಹಾಕ್ಕೆ ಮುಂಚಿನ ಅರ್ಧದ ಮೇಲೆ ನಿಂತಿದೆ. ಇದು ನನ್ನ ಆರೋಪ. ಖಾಲಿ ಕುರ್ಚಿಗಳು ನನ್ನ ಸಾಕ್ಷಿ.

ಇನ್ನು ಅಭ್ಯಾಸದ ದಿನಕ್ಕೆ ಬರುತ್ತೇನೆ. ತಾವೂ ಅಲ್ಲಿದ್ದಿರಿ, ಆದರೆ ಮುಂದಿನ ಸಾಲಿನಿಂದ ಕಾಣುವುದೇ ಬೇರೆ, ಮೂಲೆಯಿಂದ ಕಾಣುವುದೇ ಬೇರೆ. ಮೈದಾನದ ನಡುವೆ ಹೊಳೆ, ಅದಕ್ಕೊಂದು ಸೇತುವೆ. ಈಚೆ ದಡದಲ್ಲಿ ಸೇನೆಯ ಅಡುಗೆಮನೆ, ಉಗ್ರಾಣ. ಆಚೆ ದಡದ ದಿಬ್ಬದ ಮೇಲೆ ಗಣ್ಯರಿಗೆ ನನ್ನ ಡೇರೆ. ಅದರೊಳಗೆ ತಾವು, ಪರದೇಶದ ಅತಿಥಿಗಳು, ಪತ್ರಕರ್ತರು, ಮೂಲೆಯಲ್ಲಿ ನಾನು. ನಮ್ಮ ಕಡೆಯವರು ನೀಲಿ ಪಡೆ, ಶತ್ರುವಿನ ವೇಷ ಹಾಕಿದವರು ಕೆಂಪು ಪಡೆ. ಗುಂಡು ಸುಳ್ಳು, ನಿಯಮ ಮಾತ್ರ ನಿಜ. ತೀರ್ಪುಗಾರರು ಯಾವುದರ ಮೇಲೆ ಕೆಂಪು ಬಾವುಟ ನೆಡುತ್ತಾರೋ ಅದು ನಾಶವಾದಂತೆ. ಮರದ ಮೇಲೆ ನೆಟ್ಟರೆ ಮರವಿಲ್ಲ, ಮನುಷ್ಯನ ಬೆನ್ನಿಗೆ ಸಿಕ್ಕಿಸಿದರೆ ಮನುಷ್ಯನಿಲ್ಲ, ಅವನು ಸಂಜೆಯ ಸೀಟಿ ಊದುವವರೆಗೆ ನೆರಳಲ್ಲಿ ಮಲಗಬಹುದು. ಸೈನಿಕರಿಗೆ ಬಾವುಟವೆಂದರೆ ಬಹಳ ಪ್ರೀತಿ.

ಜನರಲ್ ಸಾಹೇಬರು ನೀಲಿ ಪಡೆಯನ್ನು ಸೇತುವೆ ದಾಟಿಸಿ, ತಾವೂ ದಾಟಿ, ಡೇರೆಗೆ ಬಂದು ಮೈಕು ಹಿಡಿದು ಗುಡುಗಿದರು: “ನಾನು ಹಿಂದೆ ನೋಡೋನಲ್ಲ! ದೋಣಿ ಸುಟ್ಟುಹಾಕಿ, ಸೇತುವೆ ಉಡಾಯಿಸಿ!” ತೀರ್ಪುಗಾರರು ದೋಣಿಗಳಿಗೂ ಸೇತುವೆಗೂ ಬಾವುಟ ನೆಟ್ಟರು. ಚಪ್ಪಾಳೆಯೋ ಚಪ್ಪಾಳೆ. ಅದರ ಹಿಂದೆಯೇ ಕೆಂಪು ಪಡೆಯ ಟ್ಯಾಂಕುಗಳು ಸುತ್ತು ಹಾಕಿ ಬಂದು, ಈಚೆ ದಡದಿಂದ ನಮ್ಮ ಬೆನ್ನಿಗೆ ಬೀಳಲು ನೋಡಿದವು. ಸೇತುವೆ ಇಲ್ಲದ್ದರಿಂದ ದಡದಲ್ಲೇ ಕಕ್ಕಾಬಿಕ್ಕಿಯಾಗಿ ನಿಂತವು. ಮತ್ತೆ ಚಪ್ಪಾಳೆ. ಪರದೇಶದ ಅತಿಥಿಯೊಬ್ಬರು ಎದ್ದೇ ನಿಂತರು. ಕುರ್ಚಿ ಹಿಂದಕ್ಕೆ ಬಿದ್ದು ಅದರ ಕಾಲು ಸೊಟ್ಟಗಾಯಿತು, ಅದಿರಲಿ.

ಮಧ್ಯಾಹ್ನವಾಯಿತು. ಊಟದ ಲಾರಿಗಳು ಬಂದವು. ಎಲ್ಲಿಗೆ? ಈಚೆ ದಡಕ್ಕೆ. ಅಡುಗೆಮನೆ ಅಲ್ಲೇ ಇದ್ದುದರಿಂದ ಆಕಾಶದಿಂದ ಇಳಿಯುವ ಹಾಗಿರಲಿಲ್ಲ. ಲಾರಿಗಳ ಮುಂದೆ ನನ್ನ ಸೊಸೆ. ಅತಿಥಿಗಳಿಗೆ ಯುದ್ಧದ ರೋಮಾಂಚನ ಆಗಲೆಂದು ವೈರ್‌ಲೆಸ್ ಮಾತುಕತೆಯನ್ನು ಧ್ವನಿವರ್ಧಕಕ್ಕೆ ಜೋಡಿಸಬೇಕೆಂದು ತಮ್ಮ ಇಲಾಖೆಯೇ ಹೇಳಿತ್ತು. ನಾನೇ ಜೋಡಿಸಿಕೊಟ್ಟಿದ್ದೆ. ಹೀಗಾಗಿ ಜನರಲ್ ಸಾಹೇಬರಿಗೂ ನನ್ನ ಸೊಸೆಗೂ ನಡೆದ ಮಾತು ಡೇರೆಯಲ್ಲಿದ್ದವರಿಗೆಲ್ಲ ಕೇಳಿಸಿತು.

“ಊಟದ ಲಾರಿ ಎಲ್ಲಮ್ಮಾ ಕ್ಯಾಪ್ಟನ್?”

“ಸೇತುವೆ ಹತ್ರ ಇದೆ ಸರ್.”

“ಹತ್ರ ಯಾಕಿದೆ? ದಾಟಿಸಿ ಬೇಗ.”

“ಸೇತುವೆ ಇಲ್ಲ ಸರ್.”

“ಏನ್ರೀ ಇಲ್ಲ ಅಂದ್ರೆ? ನನ್ನ ಕಣ್ಣೆದುರಿಗೇ ಕಾಣ್ತಿದೆಯಲ್ರೀ!”

“ನೀವೇ ಉಡಾಯಿಸಿದ್ರಿ ಸರ್, ಬೆಳಿಗ್ಗೆ. ಎಲ್ಲಾರೂ ಚಪ್ಪಾಳೆ ತಟ್ಟಿದ್ರು.”

“ಅದು ಟ್ಯಾಂಕಿಗೆ ಕಣ್ರೀ!”

“ನಿಯಮದಲ್ಲಿ ಟ್ಯಾಂಕು ಬೇರೆ, ಲಾರಿ ಬೇರೆ ಅಂತಿಲ್ಲ ಸರ್. ಯಾವ ವಾಹನವೂ ದಾಟಕೂಡದು ಅಂತಿದೆ.”

“ಹಾಗಾದ್ರೆ ದೋಣೀಲಿ ಕಳಿಸಿ.”

“ದೋಣಿ ಸುಟ್ಟುಹೋಗಿವೆ ಸರ್.”

“ಯಾವನು ಸುಟ್ಟಿದ್ದು?”

ಧ್ವನಿವರ್ಧಕದಲ್ಲಿ ಒಂದು ಕ್ಷಣ ಬರೀ ಗೊರಗೊರ. ಆಮೇಲೆ ನನ್ನ ಸೊಸೆ ಬಹಳ ಮರ್ಯಾದೆಯಿಂದ, “ತಾವು ಸರ್” ಅಂದಳು.

ಡೇರೆಯಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಆ ವ್ಯತ್ಯಾಸವೂ ನನ್ನ ಕಸುಬಿನಲ್ಲಿ ಗೊತ್ತಾಗುತ್ತದೆ. ಜನರಲ್ ಸಾಹೇಬರು ತೀರ್ಪುಗಾರರತ್ತ ತಿರುಗಿ “ಬಾವುಟ ಸ್ವಲ್ಪ ತೆಗೀರಪ್ಪಾ, ಲಾರಿ ಬಂದ ಮೇಲೆ ಮತ್ತೆ ನೆಡೋಣ” ಅಂದರು. ತೀರ್ಪುಗಾರರು ತಲೆ ಕೆರೆದುಕೊಂಡು, “ತೆಗೆದ್ರೆ ಟ್ಯಾಂಕೂ ಬರುತ್ತೆ ಸರ್, ಅದು ಲಾರಿಗಿಂತ ಮುಂದೆ ನಿಂತಿದೆ” ಅಂದರು. ಟ್ಯಾಂಕು ಬಂದರೆ ಯುದ್ಧ ಸೋತಂತೆ. ಯುದ್ಧವೋ ಊಟವೋ? ಜನರಲ್ ಸಾಹೇಬರು ಯುದ್ಧವನ್ನೇ ಆರಿಸಿಕೊಂಡರು. ಆ ಒಂದು ಗಳಿಗೆಯಲ್ಲಿ ಅವರ ಮೇಲೆ ನನಗೆ ಗೌರವ ಬಂತು ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಆಮೇಲೆ ಆದದ್ದನ್ನು ತಾವು ದುರ್ಬೀನಿನಲ್ಲಿ ನೋಡಿದಿರಿ. ನನಗೆ ದುರ್ಬೀನು ಇರಲಿಲ್ಲ, ಆದರೆ ತಮ್ಮ ಮುಖ ಕಾಣುತ್ತಿತ್ತು, ಅದೇ ಸಾಕಾಯಿತು. ಶತ್ರುವಿನ ಕಡೆ ಉಳಿದುಹೋದ ಸರಂಜಾಮು ಶತ್ರುವಿನ ವಶ ಎಂಬುದೂ ನಿಯಮ. ಕೆಂಪು ಪಡೆಯ ನಾಯಕ ನನ್ನ ಸೊಸೆಯನ್ನು ಸೆರೆಹಿಡಿದು, ಲಾರಿಗಳನ್ನು ವಶಪಡಿಸಿಕೊಂಡು, ಮುಚ್ಚಳ ತೆಗೆಸಿದ. ಹುರಿದ ಕೋಳಿ, ಬಿಸಿ ಸೂಪು, ಮೇಲೊಂದು ಸಿಹಿ. ಶತ್ರು ಟ್ಯಾಂಕಿನ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ತಮ್ಮ ಕೋಳಿಯನ್ನು ಚೀಪುತ್ತಿದ್ದ. ಗಾಳಿ ಬೇರೆ ಅವರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ದುರ್ಬೀನಿನ ಮೂಲಕ ಕಲಿತ ಮೊದಲ ಮಂತ್ರಿಗಳು ತಾವೇ ಇರಬೇಕು. ನಾನೂ ಹಸಿದಿದ್ದೆ, ಮಾನ್ಯರೇ. ಸೊಸೆಯನ್ನು ಮನಸಾರೆ ಬಯ್ದುಕೊಂಡೆ. ಅವಳೂ ಅಲ್ಲೇ ಶತ್ರುವಿನ ಪಕ್ಕ ಒಂದು ತಟ್ಟೆ ಹಿಡಿದು ಕುಳಿತಿದ್ದಾಳೆಂದು ಯಾರೋ ಹೇಳಿದಾಗಂತೂ ಸಂಕಟವಾಯಿತು. ಮನೆಗೆ ಬಂದ ಮೇಲೆ ಕೇಳಿದರೆ, “ಸೆರೆಸಿಕ್ಕವರಿಗೆ ಊಟ ಹಾಕಲೇಬೇಕು ಅಂತ ನಿಯಮ ಇದೆ ಮಾವ, ತಿನ್ನದಿದ್ರೆ ಅವರು ನಿಯಮ ಮುರಿದ ಹಾಗಾಗ್ತಿತ್ತು” ಅಂದಳು.

ಆದರೆ ಡೇರೆಯ ಕೆಳಗೆ, ದಿಬ್ಬದ ಬುಡದಲ್ಲಿ ನಡೆದದ್ದನ್ನು ತಮ್ಮ ವರದಿ ಬರೆದಿಲ್ಲ. ಅಲ್ಲಿ ಕಂದಕಗಳಲ್ಲಿ ನೀಲಿ ಪಡೆಯ ಸೈನಿಕರಿದ್ದರು. ಅವರು ಹಸಿದಿರಲಿಲ್ಲ. ಮಧ್ಯಾಹ್ನವಾಗುತ್ತಲೇ ಪ್ರತಿಯೊಬ್ಬನೂ ಬೆನ್ನಚೀಲದಿಂದ ಒಣ ಬುತ್ತಿಯ ಪೊಟ್ಟಣ ತೆಗೆದು ತಿನ್ನತೊಡಗಿದ. ಹಿಂದಿನ ದಿನವೇ ನನ್ನ ಸೊಸೆ ಒಬ್ಬೊಬ್ಬರ ಚೀಲ ಬಿಚ್ಚಿಸಿ, ಪೊಟ್ಟಣ ಇದೆಯೇ ಎಂದು ಕೈಯಾರೆ ಮುಟ್ಟಿ ನೋಡಿದ್ದಳು. ಎಷ್ಟು ದಿನದ್ದು? ಮೂರು ದಿನದ್ದು. ಚಹಾದ ಮೇಲೂ ಕುಳಿತಿದ್ದವಳಲ್ಲವೇ ಅವಳು! ಗಣ್ಯರ ಬಿಸಿ ಊಟದ ಏರ್ಪಾಡು ಮಾತ್ರ ಬೇರೆ. ಅದನ್ನು ಲಾರಿಯಲ್ಲೇ ತರಬೇಕೆಂದು ತಮ್ಮ ಕಚೇರಿಯಿಂದಲೇ ಆದೇಶವಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ. ಆವತ್ತು ಹೊಟ್ಟೆಗೆ ಹಿಟ್ಟು ಸಿಕ್ಕಿತ್ತು, ಜುಟ್ಟಿಗೆ ಮಲ್ಲಿಗೆ ಸಿಗಲಿಲ್ಲ. ಅದಕ್ಕೆ ವಿಚಾರಣೆ.

ಇನ್ನೊಂದು ಸಂಗತಿ. ಬಿಸಿಲು ಇಳಿಯುವ ಹೊತ್ತಿಗೆ ತಾವು ಕಾಲಾಡಿಸುವ ನೆವದಲ್ಲಿ ದಿಬ್ಬ ಇಳಿದು ಕಂದಕದ ಕಡೆ ಹೋದಿರಿ. ಅಲ್ಲಿದ್ದ ಸೈನಿಕನೊಬ್ಬ ಎದ್ದು ಸೆಲ್ಯೂಟ್ ಹೊಡೆದ. ತಾವು ಅವನ ಪೊಟ್ಟಣ ನೋಡಿದಿರಿ. ಅವನು ತಮ್ಮನ್ನು ನೋಡಿದ. “ತಗೊಳ್ಳಿ ಸಾರ್, ಗಟ್ಟಿ ಇದೆ, ನಿಧಾನಕ್ಕೆ ಅಗೀರಿ” ಎಂದು ಒಂದು ಬಿಸ್ಕತ್ತು ಕೊಟ್ಟ. ತಾವು ತೆಗೆದುಕೊಂಡಿರಿ. ಸುತ್ತ ನೋಡಿ, ಮರದ ಮರೆಗೆ ಹೋಗಿ ತಿಂದಿರಿ. ಆ ಮರಕ್ಕೆ ಕೆಂಪು ಬಾವುಟ ನೆಟ್ಟಿದ್ದರಿಂದ ನಿಯಮದ ಪ್ರಕಾರ ಅಲ್ಲಿ ಮರವಿರಲಿಲ್ಲ. ನನಗೆ ಎಲ್ಲವೂ ಕಾಣಿಸಿತು.

ಮಾರನೆಯ ವಾರದ ಪತ್ರಿಕೆಗಳಲ್ಲಿ ತಮ್ಮ ಇಲಾಖೆಯ ವರದಿ ಬಂತು. ‘ಜನರಲ್ ಅವರು ಸೇತುವೆಯನ್ನು ಸಕಾಲದಲ್ಲಿ ನಾಶಪಡಿಸಿದ್ದರಿಂದ ಶತ್ರುವಿನ ಟ್ಯಾಂಕುಗಳು ಸ್ತಬ್ಧಗೊಂಡವು’ ಎಂದು ಅದರಲ್ಲಿದೆ. ಆ ದೂರದೃಷ್ಟಿಗೆ ಅವರಿಗೊಂದು ಪದಕವೂ ಬಂದಿದೆ. ಆ ಸಮಾರಂಭಕ್ಕೂ ಕುರ್ಚಿ ನನ್ನದೇ. ಸೇತುವೆ ಸುಸ್ಥಿತಿಯಲ್ಲಿತ್ತು ಎಂದು ಸಹಿ ಹಾಕಲು ನನ್ನ ಸೊಸೆಗೆ ಹೇಳುತ್ತಿರುವುದೂ ಅದೇ ಇಲಾಖೆ. ನಾನು ವ್ಯಾಪಾರಿ. ಒಂದೇ ಡೇರೆಯನ್ನು ಒಂದೇ ದಿನ ಎರಡು ಮದುವೆಗೆ ಕೊಡುವವರನ್ನು ಕಂಡಿದ್ದೇನೆ. ಅವರಿಗೂ ಮುಹೂರ್ತದ ಹೊತ್ತಿಗೆ ಬೆವರು ಕಿತ್ತುಕೊಂಡು ಬರುತ್ತದೆ. ತಾವು ಒಂದೇ ಸೇತುವೆಯನ್ನು ಪದಕಕ್ಕೆ ಒಡೆದು ಶಿಕ್ಷೆಗೆ ಕಟ್ಟಿದ್ದೀರಿ, ಹಣೆಯಲ್ಲಿ ಒಂದು ಹನಿ ಬೆವರಿಲ್ಲ! ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರು ಸಾಮಾನ್ಯವಾಗಿ ಮೀಸೆಯನ್ನು ತಾವೇ ಒರೆಸಿಕೊಳ್ಳುತ್ತಾರೆ. ಜನರಲ್ ಸಾಹೇಬರ ಮೀಸೆ ಒರೆಸಲು ನನ್ನ ಸೊಸೆಯ ಸೆರಗೇ ಬೇಕೇ? ಅವಳು ಸಮವಸ್ತ್ರ ಹಾಕುವವಳು, ಸೆರಗೂ ಇಲ್ಲ.

‘ಒಂದು ಹೊತ್ತಿನ ಊಟಕ್ಕೆ ಇಷ್ಟು ಹಠವೇ, ಲಾರಿ ದಾಟಿಸಿ ಸುಮ್ಮನಾಗಬಾರದಿತ್ತೇ’ ಎಂದು ತಾವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ವಿಚಾರಣೆಯ ನೋಟೀಸು ಬಂದ ದಿನ ಸಂಜೆ ನಾವೆಲ್ಲ ಊಟದ ಮೇಜಿಗೆ ಕುಳಿತಿದ್ದೆವು.

“ಅಲ್ವೇ, ದೊಡ್ಡೋರು ಹಸಿದು ಕೂತಿದ್ರೆ ನಿನಗೆ ಕರುಳು ಚುರ್ ಅನ್ನಲಿಲ್ವೇನೇ? ಸುಳ್ಳು ಸೇತುವೆ ತಾನೇ?”

“ಸೇತುವೆ ನಿಜದ್ದೇ ಅತ್ತೆ, ಒಡೆದಿದ್ದು ಸುಳ್ಳು.”

“ಮತ್ತೆ?”

“ನಾನು ದಾಟಿಸಿದ್ದಿದ್ರೆ ವರದೀಲಿ ಏನು ಬರೀತಿದ್ರು ಗೊತ್ತಾ? ‘ಸೇತುವೆ ನಾಶವಾದರೂ ಊಟ ಸಕಾಲಕ್ಕೆ ತಲುಪಿತು’ ಅಂತ. ಇನ್ನು ಹತ್ತು ವರ್ಷ ಅದನ್ನೇ ನಂಬ್ಕೊಂಡು ಕೂತಿರ್ತಾರೆ. ನಾಳೆ ನಿಜವಾಗ್ಲೂ ಸೇತುವೆ ಹೋದ್ರೆ, ಆಚೆ ಇರೋ ಹುಡುಗ್ರು ಆ ವರದಿ ತಿಂತಾರಾ?”

ನನ್ನ ಹೆಂಡತಿ ಸೌಟು ಎತ್ತಿಕೊಂಡಳು. ವಾದ ಸೋತಾಗ ಅವಳು ಬಡಿಸುತ್ತಾಳೆ. ಸೊಸೆಯ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದಳು.

ಆ ಮೇಜಿನ ತುದಿಯಲ್ಲಿ ನಮ್ಮಣ್ಣನೂ ಇದ್ದ. ಅವನ ಬಗ್ಗೆ ಹೇಳದೆ ಈ ಪತ್ರ ಮುಗಿಯುವುದಿಲ್ಲ. ಅಣ್ಣ ಹಿಂದಿನ ಯುದ್ಧದಲ್ಲಿ ಸಿಪಾಯಿಯಾಗಿದ್ದ. ಕಾಲಿನ ಎರಡು ಬೆರಳು ಬಿಟ್ಟು ಬಂದ. ಅಲ್ಲಿ ಏನಾಯಿತೆಂದು ಯಾರು ಎಷ್ಟು ಕೇಳಿದರೂ “ಸೇತುವೆ ಹೋಯ್ತು” ಎಂದಷ್ಟೇ ಹೇಳುತ್ತಾನೆ. ಆದರೆ ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಬಿಸ್ಕತ್ತು ಇರುತ್ತದೆ. ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ಎಲೆ ತುಂಬ ಉಣ್ಣಲು ಹೋಗಲಿ, ಬಿಸ್ಕತ್ತು ಇರಲೇಬೇಕು. ನಾವು ಹುಡುಗಾಟಕ್ಕೆ “ಏನಣ್ಣಾ, ಇಲಿ ಸಾಕಿದ್ದೀಯಾ” ಎಂದು ರೇಗಿಸುತ್ತಿದ್ದೆವು. ಅವನು ನಗುತ್ತಿದ್ದ. ತಿನ್ನುತ್ತಲೂ ಇರಲಿಲ್ಲ, ಎಸೆಯುತ್ತಲೂ ಇರಲಿಲ್ಲ, ಪುಡಿಯಾದಾಗ ಬದಲಿಸುತ್ತಿದ್ದ. ಆವತ್ತು ಸಂಜೆ ಅವನು ತಟ್ಟೆಯಿಂದ ತಲೆಯೆತ್ತದೆ ಕೇಳಿದ:

“ಆಚೆ ದಡದ ಸಿಪಾಯಿಗಳು ಉಂಡ್ರೇನಮ್ಮಾ?”

“ಉಂಡ್ರು ದೊಡ್ಡ ಮಾವ.”

“ಎಲ್ಲಾರೂ?”

“ಎಲ್ಲಾರೂ. ನಾನೇ ಮುಟ್ಟಿ ನೋಡಿದ್ದೆ.”

ಅಣ್ಣ “ಹಾಗಾದ್ರೆ ವಿಚಾರಣೆ ಯಾತಕ್ಕೆ?” ಅಂದ. ಮಾನ್ಯರೇ, ಆ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರವಿಲ್ಲ. ತಮ್ಮ ಕಚೇರಿಯಲ್ಲಿದ್ದರೆ ಕಳಿಸಿಕೊಡಿ.

ಇಷ್ಟು ಹೇಳಿದ ಮೇಲೆ, ಮೇಷ್ಟ್ರು ಕೊನೆಗೆ ಹೇಳಿದ ಇನ್ನೊಂದು ಕಥೆಯನ್ನೂ ತಮಗೆ ಮುಟ್ಟಿಸಿಬಿಡುತ್ತೇನೆ, ತಮ್ಮ ಕುರ್ಚಿಯೂ ಆಗ ಖಾಲಿಯಿತ್ತು. ಒಬ್ಬ ಮಹಾಚಕ್ರವರ್ತಿ ಹಿಮದ ನಾಡಿನ ಮೇಲೆ ದಂಡೆತ್ತಿ ಹೋಗಿ ಸೋತು ಹಿಂತಿರುಗುತ್ತಿದ್ದ. ಭಾರ ಹೆಚ್ಚಾಯಿತೆಂದು, ಸೇತುವೆ ಕಟ್ಟುವ ಸರಂಜಾಮನ್ನೆಲ್ಲ ಸುಟ್ಟುಬಿಡಿ ಎಂದು ಆಜ್ಞೆ ಮಾಡಿದ. ಅವನ ಮುದಿ ಎಂಜಿನಿಯರ್ ಒಬ್ಬ ಅಪ್ಪಣೆ ಎಂದು ಬಹುಪಾಲು ಸುಟ್ಟ. ಕುಲುಮೆ, ಇದ್ದಿಲು, ಹತಾರಗಳಿದ್ದ ಕೆಲವು ಗಾಡಿಗಳನ್ನು ಮಾತ್ರ ಉಳಿಸಿಕೊಂಡ. ಮುಂದೆ ಹೊಳೆ ಅಡ್ಡ ಬಂತು. ಸೇತುವೆಯಿಲ್ಲ, ಹಿಂದೆ ಶತ್ರು. ಮುದುಕನ ಆಳುಗಳು ಮಂಜುಗಡ್ಡೆ ತೇಲುವ ನೀರಿನಲ್ಲಿ ನಿಂತು, ಆ ಗಾಡಿಗಳ ಹತಾರದಿಂದಲೇ ಸೇತುವೆ ಕಟ್ಟಿದರು. ಚಕ್ರವರ್ತಿ ಅದರ ಮೇಲೆ ನಡೆದು ಪಾರಾದ. ದಾಟುವಾಗ ಅವನು ‘ನನ್ನ ಆಜ್ಞೆ ಮೀರಿದವನು ಯಾರು’ ಎಂದು ವಿಚಾರಣಾ ಸಮಿತಿ ನೇಮಿಸಿದನೆಂದು ಮೇಷ್ಟ್ರು ಹೇಳಲಿಲ್ಲ.

ನನ್ನ ಸೊಸೆ ಆಜ್ಞೆ ಮೀರಿದ್ದೂ ಇಲ್ಲ. ಅವಳು ಮಾಡಿದ ತಪ್ಪು ಒಂದೇ: ಜನರಲ್ ಸಾಹೇಬರ ಆಜ್ಞೆಯನ್ನು ಜನರಲ್ ಸಾಹೇಬರಿಗಿಂತ ಗಂಭೀರವಾಗಿ ತೆಗೆದುಕೊಂಡಳು. ಅವರು ಸೇತುವೆ ಇಲ್ಲ ಅಂದರು, ಅವಳು ನಂಬಿದಳು. ಅಷ್ಟಕ್ಕೂ ತಾವು ಪ್ರತಿ ಸಭೆಯಲ್ಲಿ, ನಮ್ಮ ಉಪಗ್ರಹಕ್ಕೆ ಆಕಾಶದಿಂದ ನೆಲದ ಮೇಲಿನ ಬೆಂಕಿಪೊಟ್ಟಣ ಕಾಣುತ್ತದೆ ಎನ್ನುತ್ತೀರಿ. ಹಾಗಿದ್ದರೆ ಅಡುಗೆಮನೆ ಒಂದೇ ದಡದಲ್ಲಿರುವುದು, ದಾಟಲು ಒಂದೇ ಸೇತುವೆಯಿರುವುದು ಕಾಣಲಿಲ್ಲವೇ? ನಮಗೆ ಕಾಣದಿದ್ದರೂ ಶತ್ರುವಿನ ಉಪಗ್ರಹಕ್ಕೆ ಕಂಡಿರುತ್ತದೆ. ಮದುವೆ ಮನೆಯಲ್ಲೇ ನಾನು ಗಂಡಿನ ಕಡೆಗೊಂದು, ಹೆಣ್ಣಿನ ಕಡೆಗೊಂದು ಎಂದು ಎರಡು ನೀರಿನ ಡ್ರಮ್ಮು ಇಡಿಸುತ್ತೇನೆ. ಜಗಳವಾದರೂ ಬಾಯಾರಿ ಸಾಯಬಾರದಲ್ಲ! ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಹಳೆಯ ಚಾಳಿ. ತಮ್ಮ ಇಲಾಖೆ ಅದನ್ನೂ ಮೀರಿ, ದಿಡ್ಡಿ ತೆರೆದಿದೆ ಎಂದು ಕೂಗಿದವಳನ್ನೇ ಉಗ್ರಾಣಕ್ಕೆ ಹಾಕಲು ಹೊರಟಿದೆ.

ಆದ್ದರಿಂದ ನನ್ನ ಬೇಡಿಕೆ. ಸೋಮವಾರದೊಳಗೆ ತಾವು ಒಂದು ಮಾತನ್ನು ಬರಹದಲ್ಲಿ ಕೊಡಿ: ಆವತ್ತು ಮಧ್ಯಾಹ್ನ ಸೇತುವೆ ಇತ್ತೋ, ಇರಲಿಲ್ಲವೋ? ಇತ್ತು ಎಂದಾದರೆ ಟ್ಯಾಂಕುಗಳು ದಾಟಿದವು, ನಾವು ಸೋತೆವು, ಜನರಲ್ ಸಾಹೇಬರ ಪದಕ ವಾಪಸು ತರಿಸಿ. ಇರಲಿಲ್ಲ ಎಂದಾದರೆ ನನ್ನ ಸೊಸೆಯ ಮೇಲಿನ ವಿಚಾರಣೆ ಕೈಬಿಡಿ, ವರದಿಯಲ್ಲಿ ‘ಗಣ್ಯರು ಉಪವಾಸವಿದ್ದರು, ಸೈನಿಕರು ಉಂಡರು’ ಎಂಬ ಒಂದು ಸಾಲು ಸೇರಿಸಿ, ಆಚೆ ದಡದಲ್ಲೂ ಒಂದು ಉಗ್ರಾಣ ಕಟ್ಟಿಸಿ. ಎರಡರಲ್ಲಿ ತಮಗೆ ಯಾವುದು ಸುಲಭವೋ ಅದನ್ನು ಮಾಡಿ. ನಾನು ಬಲವಂತ ಮಾಡುವವನಲ್ಲ. ತಾವು ಉತ್ತರ ಬರೆಯದಿದ್ದರೆ ಸೋಮವಾರ ಸಮಿತಿಯ ಮುಂದೆ ಸಾಕ್ಷಿ ಹೇಳಲು ನಾನೇ ಬರುತ್ತೇನೆ. ಆ ಸಭೆಗೂ ಕುರ್ಚಿ ನನ್ನವೇ ಆದ್ದರಿಂದ ನನ್ನನ್ನು ಒಳಗೆ ಬಿಡದೆ ಗತಿಯಿಲ್ಲ. ಆ ದಿನ ಯಾರು ಏನು ತಿಂದರು ಎಂದು ಕೇಳಿದರೆ, ಮರದ ಮರೆಯವರೆಗೂ ಎಲ್ಲವನ್ನೂ ಹೇಳಬೇಕಾಗುತ್ತದೆ. ಇಲ್ಲದ ಮರದ ಮರೆ ಎಂದರೂ ಸರಿ.

ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ಹಿರಿಯರು ಹೇಳುತ್ತಾರೆ. ತಾವು ಆವತ್ತು ತಿಂದ ಬಿಸ್ಕತ್ತು ಆ ಸಿಪಾಯಿಯ ಚೀಲಕ್ಕೆ ತಾನಾಗಿಯೇ ಬಂದದ್ದಲ್ಲ. ಹಿಂದಿನ ದಿನ ಅದು ಅಲ್ಲಿದೆಯೇ ಎಂದು ಒಬ್ಬಳು ಮುಟ್ಟಿ ನೋಡಿದ್ದಳು.

ನಮ್ಮಣ್ಣ ಈ ಪತ್ರ ಓದಿಸಿ ಕೇಳಿದ. ಎದ್ದು ಹೋಗಿ, ತನ್ನ ಜೇಬಿನ ಬಿಸ್ಕತ್ತನ್ನು ಕಾಗದದಲ್ಲಿ ಸುತ್ತಿ ತಂದು, “ಇದನ್ನೂ ಒಳಗಿಟ್ಟು ಕಳಿಸು. ಸೋಮವಾರದ ಸಭೆ ಉದ್ದ ಆಗಬಹುದು, ಅವರಿಗೆ ಹಸಿವಾದೀತು” ಅಂದ. ಲಕೋಟೆಯಲ್ಲಿ ಇಟ್ಟಿದ್ದೇನೆ. ಗಟ್ಟಿ ಇದೆ, ನಿಧಾನಕ್ಕೆ ಅಗಿಯಿರಿ.

ಇಂತಿ,
ತಾವು ಹಸಿದು ಕುಳಿತ ಕುರ್ಚಿಯ ಒಡೆಯ, ತಮಗೆ ಬಿಸ್ಕತ್ತು ಕೊಡಿಸಿದವಳ ಮಾವ,
ಒರೆಸಿದ ನೆಲ ಆರಲೆಂದು ಸದ್ಯಕ್ಕೆ ಹೊಸ್ತಿಲಲ್ಲೇ ನಿಂತಿರುವವನು